ಕೊಸರಿನ ಲೆಕ್ಕ
(ಬಾನುಲಿ ಭಾಷಣ)

ಸಂತೆಯಲ್ಲಿ ತರಕಾರಿ ಕೊಂಡು ಬಲ್ಲವರಿಗೆ ‘ಕೊಸರು’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಕ ಮುಗಿದು ತಕ್ಕಡಿ ಸಮನಾಗಿ ನಿಂತ ಮೇಲೆ, ಮಾರುವಾಕೆ ತನ್ನ ರಾಶಿಯಿಂದಲೇ ಎರಡು ಬದನೆಕಾಯಿಯನ್ನೋ ಒಂದು ಹಿಡಿ ಹಸಿಮೆಣಸಿನಕಾಯಿಯನ್ನೋ ಎತ್ತಿ ನಮ್ಮ ಚೀಲಕ್ಕೆ ಹಾಕುತ್ತಾಳಲ್ಲ, ಅದು ಕೊಸರು. ಅದಕ್ಕೆ ಷರತ್ತಿಲ್ಲ, ವಾಯಿದೆಯಿಲ್ಲ. ಮುಂದಿನ ವಾರವೂ ನಾವು ಅವಳ ಬಳಿಗೇ ಬರಲಿ ಎಂಬ ಆಸೆ ಅದರಲ್ಲಿ ಇದ್ದೇ ಇರುತ್ತದೆ. ಆ ಆಸೆಯನ್ನು ಅವಳೂ ಮುಚ್ಚಿಡುವುದಿಲ್ಲ, ನಾವೂ ತಪ್ಪೆಂದು ಎಣಿಸುವುದಿಲ್ಲ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಇದೇ ಕೊಸರಿನ ಹೊಸದೊಂದು ಅವತಾರವನ್ನು ಕುರಿತು. ಪೆಟ್ರೋಲ್ ಕಂಪೆನಿಯ ಹೆಸರನ್ನೋ ದೊಡ್ಡ ಅಂಗಡಿಯ ಹೆಸರನ್ನೋ ಹೊತ್ತು ಬರುವ ಕ್ರೆಡಿಟ್ ಕಾರ್ಡು, ಮತ್ತು ಅದು ಕೊಡುವ ರಿವಾರ್ಡ್ ಪಾಯಿಂಟು. ಇಂಥ ಕಾರ್ಡನ್ನು ಇಟ್ಟುಕೊಳ್ಳುವುದು ಲಾಭವೇ, ಅಲ್ಲವೇ ಎಂಬುದು ಪ್ರಶ್ನೆ.

ನಾನು ಬ್ಯಾಂಕಿನ ನೌಕರಿಯಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಈ ಮೂರೂ ಊರುಗಳ ನೀರು ಕುಡಿದವನು. ನ್ಯಾಮತಿ ನನ್ನ ತಂಗಿಯನ್ನು ಕೊಟ್ಟ ಊರು. ನಿವೃತ್ತನಾದ ಮೇಲೂ ಮದುವೆಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಯಾರಾದರೊಬ್ಬರು ಪಕ್ಕಕ್ಕೆ ಕರೆದು, “ಸಾರ್, ಈ ಕಾರ್ಡು ತಗೊಬಹುದಾ?” ಎಂದು ಕೇಳುವುದು ತಪ್ಪಿಲ್ಲ. ನಾಲ್ಕು ಊರುಗಳೂ 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿದವು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಜಿಲ್ಲೆ ಒಂದೇ ಆದರೂ ಈ ಊರುಗಳಿಗೆ ದುಡ್ಡು ಬರುವ ದಾರಿ ಒಂದೇ ಅಲ್ಲ. ಆದ್ದರಿಂದ ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟವನಲ್ಲ.

ಮೊದಲು ಕಾರ್ಡಿನ ಕುಲಗೋತ್ರವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಎಂಬ ಸಂಸ್ಥೆ ಹೋಟೆಲಿನ ಊಟಕ್ಕೆ ಕಾರ್ಡು ತೋರಿಸಿ ಆಮೇಲೆ ಹಣ ಕಟ್ಟುವ ಏರ್ಪಾಟನ್ನು ಆರಂಭಿಸಿತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪಟ್ಟಣದಲ್ಲಿ ಯಾರೂ ಕೇಳದಿದ್ದರೂ ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಮನೆಮನೆಗೆ ಕಳುಹಿಸಿತು. ನಮ್ಮಲ್ಲಿ ಹಾಗೆ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಕೇಳದೆ ಕಾರ್ಡು ಕೊಡುವುದನ್ನು ನಿಷೇಧಿಸಿದೆ. ಕಾರ್ಡಿನ ಮೇಲೆ ಅಂಗಡಿಯ ಹೆಸರು ಎಷ್ಟೇ ದಪ್ಪಕ್ಷರದಲ್ಲಿರಲಿ, ಸಾಲ ಕೊಡುವವನು ಬ್ಯಾಂಕೇ. ಹೆಸರು ಕೊಟ್ಟ ಕಂಪೆನಿಯ ಪಾತ್ರ ಗಿರಾಕಿಗಳನ್ನು ಕರೆತರುವುದಕ್ಕೆ ಸೀಮಿತ. ನೀವು ಎಲ್ಲೆಲ್ಲಿ ಏನೇನು ಕೊಂಡಿರಿ ಎಂಬ ವಿವರ ಅದರ ಕೈಗೆ ಹೋಗಕೂಡದೆಂದೂ ಅದೇ ನಿರ್ದೇಶನ ಹೇಳುತ್ತದೆ.

ಹತ್ತು ವರ್ಷದ ಹಿಂದೆ ಈ ವಿಷಯವನ್ನು ನಮ್ಮ ಕಡೆ ಮಾತನಾಡಿದ್ದರೆ ಕೇಳುವವರೇ ಇರುತ್ತಿರಲಿಲ್ಲ. ಕಾರ್ಡು ಉಜ್ಜುವ ಯಂತ್ರವಿದ್ದ ಅಂಗಡಿ ಬೆರಳೆಣಿಕೆಯಷ್ಟು. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕು ಅನುಮತಿ ಕೊಟ್ಟ ಮೇಲೆ, ಅಂಗಡಿಯ ಗಾಜಿಗೆ ಅಂಟಿಸಿದ ಕ್ಯೂಆರ್ ಚೀಟಿಯೇ ಯಂತ್ರವಾಯಿತು. ವ್ಯಾಪಾರಿಯೆಂದು ನೋಂದಾಯಿಸಿಕೊಂಡವರಿಗೆ ಮಾತ್ರ ಹೀಗೆ ಕೊಡಬಹುದು; ಸ್ವಂತ ಖಾತೆಯ ಚೀಟಿ ಇಟ್ಟುಕೊಂಡು ಸೊಪ್ಪು ಮಾರುವ ಮುದುಕಿಗೆ ಕ್ರೆಡಿಟ್ ಕಾರ್ಡಿನಿಂದ ಹಣ ಹೋಗದು. ಕೊಸರನ್ನು ಕಂಡುಹಿಡಿದವಳೇ ಈ ಹೊಸ ಕೊಸರಿನ ಆಟದಿಂದ ಹೊರಗುಳಿದಿದ್ದಾಳೆ ಎಂದು ನನಗೆ ಆಗಾಗ ನಗು ಬರುತ್ತದೆ.

ಈಗ ಹೊನ್ನಾಳಿಯ ಒಬ್ಬ ಉಪಾಧ್ಯಾಯರ ಲೆಕ್ಕ. ಹಳ್ಳಿಯ ಶಾಲೆಗೆ ದಿನವೂ ಬೈಕಿನಲ್ಲಿ ಹೋಗಿಬರುವವರು. ಭಾರತ್ ಪೆಟ್ರೋಲಿಯಂ ಕಂಪೆನಿಯ ಹೆಸರಿನಲ್ಲಿ ಎಸ್‌ಬಿಐ ಕಾರ್ಡ್ ಸಂಸ್ಥೆ ತಂದ ಕಾರ್ಡಿನ ಪ್ರಚಾರಪತ್ರವನ್ನು ನನ್ನ ಮುಂದೆ ಹರಡಿದರು. ಪೆಟ್ರೋಲಿಗೆ ನೂರಕ್ಕೆ ನಾಲ್ಕೂಕಾಲು ರೂಪಾಯಿ ಲಾಭವೆಂದು ಅದರಲ್ಲಿ ಅಚ್ಚಾಗಿತ್ತು. ನಾವಿಬ್ಬರೂ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಆ ನಾಲ್ಕೂಕಾಲರಲ್ಲಿ ಒಂದು ರೂಪಾಯಿ ಸರ್‌ಚಾರ್ಜಿನ ಮಾಫಿ. ಸರ್‌ಚಾರ್ಜೆಂಬುದು ಬಂಕಿನಲ್ಲಿ ಕಾರ್ಡು ಕೊಟ್ಟವನಿಗೆ ಮಾತ್ರ ಬೀಳುವ ಹೊರೆ. ನಗದು ಕೊಟ್ಟವನಿಗೆ ಅದು ಇಲ್ಲವೇ ಇಲ್ಲ. ತಾವೇ ಹೊರಿಸಿದ್ದನ್ನು ತಾವೇ ಇಳಿಸಿ ಅದನ್ನೂ ಉಪಕಾರದ ಪಟ್ಟಿಗೆ ಸೇರಿಸಿದ್ದಾರೆ. ಉಳಿದದ್ದು ನೂರು ರೂಪಾಯಿಗೆ 13 ಪಾಯಿಂಟು, ನಾಲ್ಕು ಪಾಯಿಂಟಿಗೆ ಒಂದು ರೂಪಾಯಿ. ಎಂದರೆ ಮೂರೂಕಾಲು ರೂಪಾಯಿ. ವಾರ್ಷಿಕ ಶುಲ್ಕ 499, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ ಸೇರಿ ಸುಮಾರು 589. ತಿಂಗಳಿಗೆ 1,500 ರೂಪಾಯಿ ಪೆಟ್ರೋಲು ಹಾಕಿಸುವವನಿಗೆ ವರ್ಷಕ್ಕೆ ಸಿಕ್ಕುವುದು 585. ನಾಲ್ಕು ರೂಪಾಯಿ ಕೈಬಿಟ್ಟಿತು! ಮೂರು ಸಾವಿರ ಹಾಕಿಸುವವನಿಗೆ 1,170. ಶುಲ್ಕ ಕಳೆದು ಉಳಿಯುವುದು 581. ನಮ್ಮ ಮೇಷ್ಟರದು ಮೂರು ಸಾವಿರದ ಲೆಕ್ಕ. ಅವರು ಹೋಗುವ ದಾರಿಯಲ್ಲೇ ಆ ಕಂಪೆನಿಯ ಬಂಕೂ ಇದೆ. ಸಂಬಳ ತಿಂಗಳು ತಿಂಗಳು ಬರುತ್ತದೆ. ತೆಗೆದುಕೊಳ್ಳಿ ಎಂದೆ. ಬಂಕು ಎದುರು ದಿಕ್ಕಿಗಿದ್ದು, ನಾಲ್ಕು ಮೈಲಿ ಸುತ್ತಿ ಹೋಗಬೇಕಾಗಿದ್ದರೆ ಬೇಡವೆನ್ನುತ್ತಿದ್ದೆ. ಒಂದು ಮಾತು ಮಾತ್ರ ಸೇರಿಸಿದೆ: ಷರತ್ತುಗಳನ್ನು ಬದಲಿಸುವ ಅಧಿಕಾರ ಕಾರ್ಡು ಕೊಟ್ಟವರ ಕೈಯಲ್ಲೇ ಇರುವುದರಿಂದ ಈ ಗುಣಾಕಾರವನ್ನು ಪ್ರತಿ ವರ್ಷ, ಶುಲ್ಕ ಕಟ್ಟುವ ತಿಂಗಳಿಗೆ ಮುಂಚೆ, ಹೊಸದಾಗಿ ಹಾಕಬೇಕು.

ಈ 581 ರೂಪಾಯಿ ಎಲ್ಲಿಂದ ಬಂತು? ಸಂತೆಯಾಕೆಯ ಕೊಸರು ಅವಳ ರಾಶಿಯಿಂದ ಬಂದದ್ದನ್ನು ಕಣ್ಣಾರೆ ಕಾಣುತ್ತೇವೆ. ಕಾರ್ಡಿನ ಕೊಸರು ಯಾರ ರಾಶಿಯದು? ನ್ಯಾಮತಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ನನ್ನ ತಂಗಿಯ ಮಗನಿಗೆ ಇದರ ಅರ್ಧ ಉತ್ತರ ತಾನಾಗಿಯೇ ಹೊಳೆಯಿತು. ಸಣ್ಣ ವ್ಯಾಪಾರಿಗೆ ಎರಡು ಸಾವಿರ ರೂಪಾಯಿಯವರೆಗೆ ರುಪೇ ಕಾರ್ಡಿನ ಯುಪಿಐ ವಸೂಲಿಗೆ ಶುಲ್ಕವಿಲ್ಲವೆಂದು 2022ರಲ್ಲೇ ಗೊತ್ತುಮಾಡಿದ್ದರು. ಆದರೆ ಮದುವೆಮನೆಯ ಸಾಮಾನೆಂದು ಒಬ್ಬರು ಹದಿನೆಂಟು ಸಾವಿರವನ್ನು ಕಾರ್ಡಿನಿಂದ ಕೊಟ್ಟಾಗ, ಅವನ ಖಾತೆಗೆ ಬಂದದ್ದು ಹದಿನೆಂಟಕ್ಕೆ ಕಡಿಮೆ. “ಮಾವ, ಅವರ ಪಾಯಿಂಟಿಗೆ ನಾನು ದುಡ್ಡು ಕೊಟ್ಟಂಗಾತಲ್ಲ!” ಎಂದ. ಹೌದು, ಒಂದು ಪಾಲು ಅಂಗಡಿಯವನದು. ಅವನು ಅದನ್ನು ನುಂಗಿಕೊಂಡಾನು, ಇಲ್ಲವೆ ಬೇಳೆಯ ಬೆಲೆಗೆ ಸೇರಿಸಿಯಾನು. ಸೇರಿಸಿದರೆ ನಗದು ಕೊಡುವವರೂ ಅದನ್ನು ಹೊರುತ್ತಾರೆ.

ಆ ಹುಡುಗನಿಗೂ ಕಾರ್ಡಿನ ಮೇಲೆ ಆಸೆಯಿತ್ತು. ದಾವಣಗೆರೆಯ ಸಗಟು ವ್ಯಾಪಾರಿಯಲ್ಲಿ ಕಾರ್ಡಿನಿಂದ ಸರಕು ಎತ್ತಿ, ಪಾಯಿಂಟನ್ನೂ ಗಳಿಸಿ, ನಲವತ್ತು ದಿನದ ಸಾಲವನ್ನೂ ಬಡ್ಡಿಯಿಲ್ಲದೆ ಪಡೆಯುವ ಯೋಜನೆ. ಸಗಟಿನವನು ಕಾರ್ಡಾದರೆ ನೂರಕ್ಕೆ ಎರಡು ಸೇರಿಸುತ್ತೇನೆಂದ. ಕಾರ್ಡು ಕೊಡುತ್ತಿದ್ದ ಕೊಸರು ನೂರಕ್ಕೆ ಒಂದು. ಅಲ್ಲಿಗೆ ಯೋಜನೆ ಮುಗಿಯಿತು. ಅದಕ್ಕಿಂತ ದೊಡ್ಡ ತೊಡಕು ಅವನ ಗಲ್ಲದ ಪಕ್ಕದಲ್ಲೇ ತೂಗುಹಾಕಿದ್ದ ಉದ್ರಿ ಪುಸ್ತಕದಲ್ಲಿತ್ತು. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿನ ಕೆಳಗೇ ಅರ್ಧ ಊರಿಗೆ ಉದ್ರಿ ಕೊಟ್ಟಿದ್ದಾನೆ. ಗಿರಾಕಿಗಳು ಸುಗ್ಗಿಗೆ ಕೊಡುತ್ತಾರೆ. ಕಾರ್ಡಿನವರು ತಿಂಗಳಿಗೆ ಕೇಳುತ್ತಾರೆ.

ಚನ್ನಗಿರಿಯ ಮಾತೇ ಬೇರೆ. ಅಡಿಕೆಯ ಸೀಮೆ. ತೋಟವನ್ನು ಖೇಣಿಗೆ ಕೊಟ್ಟವರಿಗೆ ಮುಂಗಡವೂ ಲೆಕ್ಕದ ಹಣವೂ ಇಡುಗಂಟಾಗಿ ಬರುತ್ತವೆ. ತಾವೇ ಕೊಯ್ಲು ಮಾಡಿಸಿ ಬೇಯಿಸಿ ಒಣಗಿಸುವವರಿಗೆ ಮಾರಿದಾಗ ಬರುತ್ತದೆ. ಕೈಯಲ್ಲಿ ಹಣವಿದ್ದವರಿಗೆ ಕಾರ್ಡಿನ ಬಡ್ಡಿಯ ಭಯವಿಲ್ಲ. ಆದರೆ ಅವರ ದೊಡ್ಡ ಖರ್ಚೆಲ್ಲ ಕೊನೆಗಾರರಿಗೆ, ಸುಲಿಯುವ ಹೆಂಗಸರಿಗೆ, ಗೊಬ್ಬರದ ಗಾಡಿಗೆ. ಅಲ್ಲೆಲ್ಲ ನಗದೇ. ಪಾಯಿಂಟು ಹುಟ್ಟುವುದು ಮನೆಗೆ ತರಿಸುವ ಸಾಮಾನಿನಲ್ಲಿ. ಅಮೆಜಾನ್ ಹೆಸರಿನಲ್ಲಿ ಐಸಿಐಸಿಐ ಬ್ಯಾಂಕು 2018ರಲ್ಲಿ ತಂದ ಕಾರ್ಡು ವಾರ್ಷಿಕ ಶುಲ್ಕವಿಲ್ಲದೆ ಬಂತು. ಫ್ಲಿಪ್‌ಕಾರ್ಟ್ ಹೆಸರಿನಲ್ಲಿ ಆಕ್ಸಿಸ್ ಬ್ಯಾಂಕು 2019ರಲ್ಲಿ ತಂದದ್ದಕ್ಕೆ 500 ರೂಪಾಯಿ ಶುಲ್ಕವಿತ್ತು. ಇಂಥದೊಂದು ಕಾರ್ಡನ್ನು ಹಿಡಿದು ಬಂದ ತೋಟದ ಯಜಮಾನರೊಬ್ಬರು, “ನೋಡ್ರಿ, ಈ ವರ್ಷ ಮೂರು ಸಾವಿರದ ಮೇಲೆ ವಾಪಸು ಬಂದಿದೆ” ಎಂದು ಹೆಮ್ಮೆಯಿಂದ ತೋರಿಸಿದರು. ನೂರಕ್ಕೆ ಐದರಂತೆ ಮೂರು ಸಾವಿರ ಬರಬೇಕಾದರೆ ಅರವತ್ತು ಸಾವಿರದ ಸಾಮಾನು ಬಂದಿರಬೇಕು. ಹಿಂದಿನ ವರ್ಷ ಎಷ್ಟು ತರಿಸಿದ್ದಿರಿ ಎಂದು ಕೇಳಿದೆ. ಅವರು ಫೋನನ್ನು ತಿರುವಿ ನೋಡಿ, ಇಪ್ಪತ್ತನಾಲ್ಕು ಸಾವಿರವೆಂದರು. ಅವರ ಮನೆಯವರು ಒಳಗಿನಿಂದಲೇ, “ಮಿಕ್ಸರ್ ಎರಡಾಗಿದಾವೆ” ಎಂದರು. ಲೆಕ್ಕಶಾಸ್ತ್ರವನ್ನು ನಾನು ಮುಂದುವರಿಸಲಿಲ್ಲ. ಕಾರ್ಡು ಬರುವುದಕ್ಕೆ ಮುಂಚಿನ ಒಂದು ವರ್ಷದ ಖರ್ಚಿನ ಮೇಲೆ ಕೊಸರನ್ನು ಎಣಿಸಬೇಕೇ ಹೊರತು, ಕಾರ್ಡು ಬಂದ ಮೇಲಿನ ಖರ್ಚಿನ ಮೇಲಲ್ಲ. ಆ ಲೆಕ್ಕದಲ್ಲಿ ಅವರಿಗೆ ಸಲ್ಲಬೇಕಾದದ್ದು 1,200 ರೂಪಾಯಿ. ಶುಲ್ಕವಿಲ್ಲದಿದ್ದರೆ ಅದೂ ಕಡಿಮೆಯಲ್ಲ.

ಇನ್ನು ಜಗಳೂರು. ಕೊಸರಿನ ಇನ್ನರ್ಧ ಎಲ್ಲಿಂದ ಬರುತ್ತದೆಂಬುದು ನನಗೆ ಕಂಡದ್ದು ಅಲ್ಲಿ.

ಜಗಳೂರು ಮಳೆಯನ್ನು ನಂಬಿದ ಸೀಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಮೃಗಶಿರ ಮಳೆಗೆ ಬಿತ್ತಿದ ಮೆಕ್ಕೆಜೋಳ ಮನೆಗೆ ಬರಬೇಕಾದರೆ ಚಿತ್ತೆ, ಸ್ವಾತಿ ಮಳೆಗಳು ಬರಬೇಕು. ಎಂದರೆ ನಾಲ್ಕು ತಿಂಗಳ ಮೇಲೆ. ಕಾರ್ಡಿನ ಬಡ್ಡಿಯಿಲ್ಲದ ವಾಯಿದೆ ಎಷ್ಟು? ಬಿಲ್ಲು ತಯಾರಾದ ಮರುದಿನ ಕೊಂಡರೆ ಹೆಚ್ಚೆಂದರೆ ಐವತ್ತು ದಿನ. ಬಿಲ್ಲಿನ ಹಿಂದಿನ ದಿನ ಕೊಂಡರೆ ಇಪ್ಪತ್ತು ದಿನ. ಮೃಗಶಿರಕ್ಕೆ ಕೊಂಡ ಬೀಜಗೊಬ್ಬರದ ಹಣವನ್ನು, ಪೈರು ಇನ್ನೂ ಮೊಳಕಾಲೆತ್ತರ ಇರುವಾಗ, ಪುಷ್ಯ ಮಳೆಯಲ್ಲಿ ಕಟ್ಟಬೇಕು. ಕಾರ್ಡನ್ನು ಯೋಚಿಸಿ ಕಟ್ಟಿದವನು ತಿಂಗಳ ಸಂಬಳದವನನ್ನು ಕಣ್ಣಮುಂದೆ ಇಟ್ಟುಕೊಂಡಿದ್ದ. ಮಳೆನಕ್ಷತ್ರದ ಪಂಚಾಂಗ ಅವನ ಗೋಡೆಯ ಮೇಲೆ ಇರಲಿಲ್ಲ.

ನನಗೆ ಬಹುಕಾಲದ ಪರಿಚಯವಿರುವ ರೈತನೊಬ್ಬ, 2023ರ ಜೂನಿನಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗನ ಕಾರ್ಡಿನಿಂದ ನಲವತ್ತು ಸಾವಿರ ರೂಪಾಯಿಯ ಬೀಜ, ಗೊಬ್ಬರ, ಔಷಧಿ ತಂದ. ಅದು ಒಂದು ಅಂಗಡಿಯ ಹೆಸರು ಹೊತ್ತ ಕಾರ್ಡು. ಕೊಸರು ನೂರಕ್ಕೆ ಒಂದು, ಎಂದರೆ ನಾನೂರು ರೂಪಾಯಿ. ಆ ವರ್ಷ ಮಳೆ ಏನಾಯಿತೆಂಬುದು ನಿಮಗೆ ಗೊತ್ತೇ ಇದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಜಗಳೂರಿನ ಪಾಡನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮಗನ ಸಂಬಳ ಅವನ ಬಾಡಿಗೆಗೆ, ಊಟಕ್ಕೆ ಸರಿಹೋಗುತ್ತಿತ್ತು. ಬಿಲ್ಲಿನಲ್ಲಿ ‘ಕನಿಷ್ಠ ಬಾಕಿ’ ಎಂದು ಬರೆದಿದ್ದ ಎರಡು ಸಾವಿರವನ್ನು ತಿಂಗಳು ತಿಂಗಳು ಕಟ್ಟುತ್ತ ಬಂದರು. ಬಾಕಿ ಕಟ್ಟಿದೆವೆಂಬ ಸಮಾಧಾನವಿತ್ತು.

ನಮ್ಮ ಕಡೆ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವವರಿಲ್ಲ. ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ ಎಂದು, ನೂರಕ್ಕೆ ತಿಂಗಳಿಗೆ ಇಷ್ಟು ಎನ್ನುತ್ತೇವೆ. ಮೂರು ರೂಪಾಯಿ ಬಡ್ಡಿಗೆ ಸಾಲ ಕೊಡುವವನನ್ನು ಊರು ಒಳ್ಳೆಯವನೆಂದು ಕರೆಯುವುದಿಲ್ಲ. ಆ ಕಾರ್ಡಿನದು ಮೂರೂಮುಕ್ಕಾಲು ರೂಪಾಯಿ ಬಡ್ಡಿ. ಬಡ್ಡಿಯ ಮೇಲೆ ನೂರಕ್ಕೆ ಹದಿನೆಂಟು ತೆರಿಗೆ. ನಲವತ್ತು ಸಾವಿರಕ್ಕೆ ತಿಂಗಳ ಬಡ್ಡಿ 1,500, ತೆರಿಗೆ 270. ಕಟ್ಟಿದ ಎರಡು ಸಾವಿರದಲ್ಲಿ 1,770 ಹೀಗೆ ಹೋಗಿ, ಅಸಲಿಗೆ ಸಂದದ್ದು 230 ರೂಪಾಯಿ. ಮುಂದಿನ ವರ್ಷದ ಬೆಳೆ ಬಂದು, 2024ರ ಡಿಸೆಂಬರಿನಲ್ಲಿ ಪೂರ್ತಿ ತೀರಿಸುವ ಹೊತ್ತಿಗೆ, ಆ ಹದಿನೇಳು ತಿಂಗಳಲ್ಲಿ ಬಡ್ಡಿಗೂ ತೆರಿಗೆಗೂ ಹೋದದ್ದು ಇಪ್ಪತ್ತೆಂಟು ಸಾವಿರಕ್ಕೂ ಮೇಲೆ. ನಾನೂರು ರೂಪಾಯಿಯ ಕೊಸರಿಗೆ! ಹೊನ್ನಾಳಿಯ ಮೇಷ್ಟರ 581 ರೂಪಾಯಿಯಲ್ಲಿ ಇಂಥ ಜಗಳೂರಿನವರ ಪಾಲೂ ಇರುತ್ತದೆ. ಮೇಷ್ಟರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಸರಿಯಾಗಿ ಕಟ್ಟುವವನಿಗೆ ಕೊಡುವ ಕೊಸರನ್ನು ಕಟ್ಟಲಾರದವನ ಬಡ್ಡಿಯೂ ತುಂಬಿಕೊಡುತ್ತದೆ ಎಂಬುದು ಈ ವ್ಯಾಪಾರದ ಒಳಗಿನ ಸಂಗತಿ.

ಬಡ್ಡಿಗೆ ಮಿತಿಯಿಲ್ಲವೇ ಎಂದು ಕೇಳಬಹುದು. ಲೇವಾದೇವಿಯವರ ಮೇಲೆ ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯೂ, ಮಿತಿಮೀರಿದ ಬಡ್ಡಿಯನ್ನು ತಡೆಯುವ 2004ರ ಕಾಯಿದೆಯೂ ಇವೆ. ಬ್ಯಾಂಕಿನ ಕಾರ್ಡು ಅವುಗಳ ಹಿಡಿತಕ್ಕೆ ಬರುವುದಿಲ್ಲ. ಕಾರ್ಡಿನ ಬಡ್ಡಿ ವರ್ಷಕ್ಕೆ ನೂರಕ್ಕೆ ಮೂವತ್ತನ್ನು ಮೀರಿದರೆ ಅದು ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪಿತ್ತಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ನಮ್ಮ ರೈತ ಬಾಕಿ ತೀರಿಸಿದ ತಿಂಗಳೇ ಅದು. ಅವನಿಗೆ ಆ ಸುದ್ದಿ ಗೊತ್ತಿರಲಾರದು.

ನಾನು ಅವನನ್ನು ಕೇಳಿದ್ದು ಬೇರೆ. ಕಿಸಾನ್ ಕ್ರೆಡಿಟ್ ಕಾರ್ಡೆಂಬುದು 1998ರಿಂದ ಇದೆ. ಮೂರು ಲಕ್ಷದವರೆಗಿನ ಬೆಳೆಸಾಲಕ್ಕೆ ವರ್ಷಕ್ಕೆ ನೂರಕ್ಕೆ ಏಳು. ವಾಯಿದೆಗೆ ಕಟ್ಟಿದರೆ ನಾಲ್ಕು. ಸಹಕಾರ ಸಂಘದ ಬೆಳೆಸಾಲಕ್ಕೆ ರಾಜ್ಯ ಸರ್ಕಾರ ಬಡ್ಡಿಯನ್ನೇ ಬಿಟ್ಟಿದೆ. ಅದರ ಮಿತಿಯನ್ನು 2023ರ ಆಯವ್ಯಯದಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸುವುದಾಗಿ ಹೇಳಿತು. ಈ ಸಾಲಗಳ ವಾಯಿದೆ ಬೆಳೆಯನ್ನು ನೋಡಿ ಗೊತ್ತಾಗುವಂಥದು. ಅದನ್ನು ಬಿಟ್ಟು ಇದಕ್ಕೇಕೆ ಕೈಹಾಕಿದೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಪಹಣಿ ಇನ್ನೂ ಅಪ್ಪನ ಹೆಸರಿನಾಗೇ ಐತಿ” ಎಂದ. ತಂದೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಣ್ಣತಮ್ಮಂದಿರ ಒಪ್ಪಿಗೆಯಾಗದೆ ಪೌತಿ ಖಾತೆಯಾಗಿರಲಿಲ್ಲ. ಪಹಣಿಯಿಲ್ಲದವನಿಗೆ ಬೆಳೆಸಾಲವಿಲ್ಲ, ಆದರೆ ಮಗನಿಗೆ ಸಂಬಳದ ಚೀಟಿಯಿದ್ದುದರಿಂದ ಹತ್ತು ನಿಮಿಷದಲ್ಲಿ ಕಾರ್ಡು ಬಂದಿತ್ತು. ಇದಕ್ಕೆ ನಾನು ಏನು ಹೇಳಲಿ? ಕಾರ್ಡು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅವನ ಮಟ್ಟಿಗೆ ಉತ್ತರವಿದ್ದದ್ದು ನಾಡಕಚೇರಿಯಲ್ಲಿ. ಕಳೆದ ಬೇಸಗೆಯಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ಹೋಗಿ ಅರ್ಜಿ ಕೊಟ್ಟು ಬಂದಿದ್ದಾರೆ.

ಕಾರ್ಡನ್ನು ಇಟ್ಟುಕೊಂಡೇ ತೀರುವವರು ಒಂದು ಏರ್ಪಾಟನ್ನು ಮೊದಲ ದಿನವೇ ಮಾಡಿಕೊಳ್ಳಬೇಕು: ಬಿಲ್ಲಿನ ಪೂರ್ತಿ ಮೊತ್ತ, ಕನಿಷ್ಠ ಬಾಕಿಯಲ್ಲ, ಪೂರ್ತಿ ಮೊತ್ತವು ಉಳಿತಾಯ ಖಾತೆಯಿಂದ ತಾನಾಗಿಯೇ ಕಟ್ಟಿಕೊಳ್ಳುವಂತೆ ಬ್ಯಾಂಕಿಗೆ ಬರೆದುಕೊಡುವುದು. ಖಾತೆಯಲ್ಲಿ ಅಷ್ಟು ಹಣ ಇರುತ್ತದೆಂಬ ಭರವಸೆಯಿಂದ ಆ ಕಾಗದಕ್ಕೆ ರುಜು ಹಾಕಲಾರದವರಿಗೆ, ಕೊಸರು ಎಷ್ಟೇ ಇರಲಿ, ಆ ಕಾರ್ಡು ಬೇಡ. ಎಟಿಎಮ್ಮಿನಿಂದ ಕಾರ್ಡಿನ ಮೇಲೆ ನಗದು ತೆಗೆಯಲೇಬಾರದು. ಅಲ್ಲಿ ಬಡ್ಡಿಯಿಲ್ಲದ ವಾಯಿದೆ ಒಂದು ದಿನವೂ ಇಲ್ಲ, ಮೇಲೆ ಶುಲ್ಕ ಬೇರೆ. ಒಂದು ತಿಂಗಳು ಬಾಕಿ ಉಳಿಸಿದವನಿಗೆ ಹೊಸ ಖರೀದಿಯ ಮೇಲೂ ಆ ವಾಯಿದೆ ತಪ್ಪಿಹೋಗುತ್ತದೆ. ಇದು ಬಹಳ ಜನಕ್ಕೆ ಬಿಲ್ಲು ಬಂದ ಮೇಲೆಯೇ ತಿಳಿಯುತ್ತದೆ. ಸಂಬಳದ ಚೀಟಿಯಿಲ್ಲದವರು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಅದರ ಆಧಾರದ ಮೇಲೆ ಕಾರ್ಡು ಪಡೆಯಬಹುದು. ನ್ಯಾಮತಿಯ ಹುಡುಗ ಕೊನೆಗೆ ಹಾಗೆ ಶುಲ್ಕವಿಲ್ಲದ ಒಂದನ್ನು ತೆಗೆದುಕೊಂಡು, ಮನೆಯ ಕರೆಂಟು ಬಿಲ್ಲಿಗೂ ಫೋನಿಗೂ ಬಳಸುತ್ತಿದ್ದಾನೆ. ಸಾಲ ತೀರಿಸುವವನೆಂಬ ದಾಖಲೆ ಬೆಳೆದರೆ ಮುಂದೆ ಅಂಗಡಿಯ ಸಾಲಕ್ಕೆ ಅನುಕೂಲವಾದೀತೆಂಬುದು ಅವನ ಲೆಕ್ಕ. ಪಾಯಿಂಟನ್ನು ಅವನು ಎಣಿಸಿಯೇ ಇಲ್ಲ.

ಬೇಡವಾದ ಕಾರ್ಡನ್ನು ಮುರಿದು ಬಿಸಾಡಿದರೆ ಸಾಲದು, ಅದು ಮುಚ್ಚುವುದಿಲ್ಲ. ವಾರ್ಷಿಕ ಶುಲ್ಕ ಬೀಳುತ್ತಲೇ ಇರುತ್ತದೆ. ಬಾಕಿಯೆಲ್ಲ ತೀರಿಸಿ, ಮುಚ್ಚಿರೆಂದು ಬ್ಯಾಂಕಿಗೆ ಅರ್ಜಿ ಕೊಡಬೇಕು. ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿಯನ್ನು ಬ್ಯಾಂಕೇ ನಿಮಗೆ ಕೊಡಬೇಕೆಂದು 2022ರ ಆ ನಿರ್ದೇಶನದಲ್ಲಿದೆ. ಜಗಳೂರಿನ ರೈತನ ಮಗ ಹಾಗೆಯೇ ಅರ್ಜಿ ಹಾಕಿದ. ಆರನೆಯ ದಿನಕ್ಕೆ ಮುಚ್ಚಿದೆವೆಂಬ ಸಂದೇಶ ಬಂತು. ಅರ್ಜಿ ಹಾಕುವ ಮುಂಚೆ ಕೂಡಿದ್ದ ಪಾಯಿಂಟುಗಳನ್ನೆಲ್ಲ ಖರ್ಚು ಮಾಡೆಂದು ನಾನು ಹೇಳಿದ್ದೆ, ಮುಚ್ಚಿದ ಮೇಲೆ ಅವು ಕೈಗೆ ಬರಲಾರವೆಂದು. ಅವನು ಅದರಲ್ಲಿ ತಂದೆಗೆ ಒಂದು ಟಾರ್ಚು ತರಿಸಿಕೊಟ್ಟ. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವಾಗ ಅವರ ಕೈಯಲ್ಲಿ ಈಗ ಇರುವುದು ಅದೇ.